ಪಾಯಸ ಉಂಡವರೆಷ್ಟು, ಮಲಗಿದವರೆಷ್ಟು?

ನಂಜನಗೂಡಿನಿಂದ ಟಿ. ನರಸೀಪುರದವರೆಗಿನ ಸೀಮೆಯಲ್ಲಿ ಸಾಮೂಹಿಕ ಊಟಕ್ಕೆ ಬರವಿಲ್ಲ. ಹದಿನಾರಿನ ಮದುವೆ ಮನೆ, ಸುತ್ತೂರು ಜಾತ್ರೆಯ ದಾಸೋಹ, ತಿರುಮಕೂಡಲಿನಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳ ಎಲ್ಲೆಡೆಯೂ ಒಂದೇ ಅಡುಗೆಯನ್ನು ನೂರಾರು, ಸಾವಿರಾರು ಮಂದಿ ಉಣ್ಣುತ್ತಾರೆ. ಉಂಡವರು ಸಂಜೆಯೊಳಗೆ ಊರೂರಿಗೆ ಚದುರುತ್ತಾರೆ. ಅವರಲ್ಲಿ ಹತ್ತು ಮಂದಿಗೆ ವಾಂತಿ ಭೇದಿಯಾದರೆ ಹತ್ತು ಕಡೆ ಔಷಧಿ ತೆಗೆದುಕೊಳ್ಳುತ್ತಾರೆ. ಆ ಹತ್ತೂ ಒಂದೇ ಪಂಕ್ತಿಯ ಫಲವೆಂದು ಗುರುತಿಸುವವರಾರು? ಈ ಕೆಲಸಕ್ಕೆ ‘ರೋಗ ಸರ್ವೇಕ್ಷಣೆ’ ಎಂದು ಹೆಸರು.

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ದೇವಸ್ಥಾನದಲ್ಲಿ ಪ್ರಸಾದ ತಿಂದ 17 ಮಂದಿ ಸತ್ತರು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಹಲವರನ್ನು ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಪ್ರಸಾದಕ್ಕೆ ಕೀಟನಾಶಕ ಬೆರೆಸಲಾಗಿತ್ತು. ಇಂಥ ದುರಂತ ತಾನಾಗಿಯೇ ಸುದ್ದಿಯಾಗುತ್ತದೆ, ಪತ್ತೆಗೆ ಸರ್ವೇಕ್ಷಣೆ ಬೇಕಿಲ್ಲ. ರೋಗಾಣುಗಳ ರೀತಿಯೇ ಬೇರೆ. ಸಾಲ್ಮೊನೆಲ್ಲಾ ತನ್ನ ಪ್ರತಾಪ ತೋರಿಸಲು ಸಾಮಾನ್ಯವಾಗಿ ಆರು ಗಂಟೆಯಿಂದ ಮೂರು ದಿನ ಬೇಕು. ಅಷ್ಟರಲ್ಲಿ ಹಂಡೆ ತೊಳೆದು, ಅಡುಗೆಯವರು ಇನ್ನೊಂದು ಮದುವೆಗೆ ಹೋಗಿರುತ್ತಾರೆ!

ನಮ್ಮ ದೇಶದಲ್ಲಿ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ 2004ರಲ್ಲಿ ಆರಂಭವಾಯಿತು. ಆರೋಗ್ಯ ಕಾರ್ಯಕರ್ತೆ ಕಂಡ ಲಕ್ಷಣ, ವೈದ್ಯರ ಅನುಮಾನ, ಪ್ರಯೋಗಾಲಯದ ಖಚಿತ ಫಲಿತಾಂಶ ಹೀಗೆ ಮೂರು ನಮೂನೆಗಳಲ್ಲಿ ವಾರವಾರವೂ ವರದಿ ಹೋಗುತ್ತಿತ್ತು. ಈಗ ಕಂಪ್ಯೂಟರ್ ಜಾಲದಲ್ಲಿ ಅಂದಂದೇ ದಾಖಲಾಗುತ್ತದೆ.

ಮುಂದಿನದು ಮಾಧ್ಯಮಿಕ ಶಾಲೆಯ ಮಕ್ಕಳೂ ಮಾಡಬಹುದಾದ ಲೆಕ್ಕ. ಮದುವೆಗೆ 200 ಜನ ಬಂದಿದ್ದರೆನ್ನಿ. ಪಾಯಸ ಉಂಡ 120 ಮಂದಿಯಲ್ಲಿ 60 ಜನ ಮಲಗಿದರು. ಉಣ್ಣದ 80 ಮಂದಿಯಲ್ಲಿ 4 ಜನ. ಅಂದರೆ ಶೇಕಡಾ 50 ಮತ್ತು ಶೇಕಡಾ 5, ಹತ್ತು ಪಟ್ಟು ವ್ಯತ್ಯಾಸ. ಮೊಸರನ್ನ ಉಂಡವರಲ್ಲೂ ಉಣ್ಣದವರಲ್ಲೂ ಪ್ರಮಾಣ ಶೇಕಡಾ 32 ಆದರೆ ಅದರ ಮೇಲೆ ಗುಮಾನಿ ಬೇಡ. ಪಾಯಸದ ತುಣುಕೂ ಉಳಿಯದಿದ್ದರೂ ಅಪರಾಧಿ ಯಾರೆಂದು ಅಂಕಿಗಳು ಹೇಳುತ್ತವೆ. ಉಣ್ಣದೆ ಆರೋಗ್ಯವಾಗಿದ್ದವರನ್ನೂ ವಿಚಾರಿಸಬೇಕೆಂಬುದೇ ಇಲ್ಲಿನ ಗುಟ್ಟು.

ಇದಕ್ಕೆ ಖರ್ಚಿದೆ. ಮಲದ ಮಾದರಿಯನ್ನು ತಣ್ಣಗಿಟ್ಟು ಸಾಗಿಸಬೇಕು, ಪ್ರಯೋಗಾಲಯ ನಡೆಸಬೇಕು. ಲಸಿಕೆ ಹಾಕುವ, ಗರ್ಭಿಣಿಯರನ್ನು ನೋಡುವ ಕಾರ್ಯಕರ್ತೆಯ ಸಮಯವನ್ನೂ ಕೇಳಬೇಕು. ಸುಳ್ಳು ಎಚ್ಚರಿಕೆಯಾದರೆ ಅಡುಗೆಯವರ ಹೆಸರು ಕೆಡುತ್ತದೆ. ಅದು ಯಾವ ಬಜೆಟ್ಟಿನಲ್ಲೂ ಕಾಣದ ವೆಚ್ಚ. ಲಾಭವಂತೂ ಕಣ್ಣಿಗೇ ಬೀಳುವುದಿಲ್ಲ, ಬಾರದ ಕಾಯಿಲೆಯನ್ನು ಎಣಿಸುವುದು ಹೇಗೆ?

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಎಣಿಸಲು ಯತ್ನಿಸಿದರು. 1997ರಲ್ಲಿ ಅಲ್ಲಿ ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಒಂದು ಅಪಾಯಕಾರಿ ತಳಿ ಮಾಂಸದಲ್ಲಿ ಪತ್ತೆಯಾಗಿ, ಸುಮಾರು 1 ಕೋಟಿ 13 ಲಕ್ಷ ಕಿಲೊ ಮಾಂಸವನ್ನು ಹಿಂದಕ್ಕೆ ಪಡೆಯಲಾಯಿತು. ವರ್ಷಕ್ಕೆ ಐದೇ ಐದು ರೋಗಿಗಳನ್ನು ತಪ್ಪಿಸಿದರೂ ಅಲ್ಲಿನ ಪತ್ತೆ ವ್ಯವಸ್ಥೆಯ ಖರ್ಚು ಹುಟ್ಟುತ್ತದೆಂದು 2000ದಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಆ ಐದನ್ನು ಹಾಗೆಯೇ ನಮ್ಮೂರಿಗೆ ತರಲಾಗದು. ಅಲ್ಲಿ ಚಿಕಿತ್ಸೆ ದುಬಾರಿ, ಆದ್ದರಿಂದ ತಪ್ಪಿದ ಕಾಯಿಲೆಯ ಬೆಲೆಯೂ ದೊಡ್ಡದು. ಇಲ್ಲಿ ಕೂಲಿಯವರ ಎರಡು ದಿನದ ದುಡಿಮೆ ಹೋದರೆ ಲೆಕ್ಕಕ್ಕೆ ಬರುವುದು ಕೆಲವು ನೂರು ರೂಪಾಯಿ. ಆ ಮನೆಗೆ ಮಾತ್ರ ಅದು ವಾರದ ರೇಷನ್. ಕೇವಲ ರೂಪಾಯಿಯಲ್ಲಿ ತೂಗಿದರೆ ಬಡವರ ಹೊಟ್ಟೆನೋವು ಅಗ್ಗವಾಗಿ ಕಾಣುತ್ತದೆ. ಈ ತಕ್ಕಡಿ ಸರಿಯಿಲ್ಲ.

ಪ್ರತಿವರ್ಷ ಜಗತ್ತಿನ ಹತ್ತರಲ್ಲೊಬ್ಬರು ಕೆಟ್ಟ ಆಹಾರದಿಂದ ಕಾಯಿಲೆ ಬೀಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜು ಮಾಡಿತ್ತು. ಮೆಡಿಕಲ್ ಸ್ಟೋರಿನಲ್ಲಿ ಎರಡು ಮಾತ್ರೆ ಕೊಂಡು ಸುಮ್ಮನಾದವರ ಹೆಸರು ಆ ಮೂರು ನಮೂನೆಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ.