ಸೋಲೋದು ತಪ್ಪಲ್ಲ, ಹಾಗಾದ್ರೆ ತಪ್ಪು ಯಾವುದು?

ಕಳೆದ ಸೆಮಿಸ್ಟರ್‌ನ ಇಂಟರ್-ಬ್ರಾಂಚ್ ಕ್ರಿಕೆಟ್ ಟೂರ್ನಿಯಲ್ಲಿ ಆದ ಗಲಾಟೆ ನಿಮಗೆಲ್ಲ ನೆನಪಿರಬಹುದು. ಕೊನೆಯ ಲೀಗ್ ಮ್ಯಾಚ್, ಎರಡು ಓವರಿಗೆ 14 ರನ್ ಬೇಕಿತ್ತು. ಕ್ರೀಸಿನಲ್ಲಿದ್ದ ನಮ್ಮ ಗೆಳೆಯ ಒಂಬತ್ತು ಬಾಲ್ ಡಾಟ್ ಆಡಿದ, ಟೀಮ್ ಸೋತಿತು. ಆದರೆ ಆ ಟೀಮ್ ಸೆಮಿಫೈನಲ್‌ಗೆ ಹೋಗೋದು ಅಷ್ಟರಲ್ಲೇ ಖಾತ್ರಿಯಾಗಿತ್ತು, ಸೋತಿದ್ದಕ್ಕೆ ಸುಲಭದ ಎದುರಾಳಿ ಬೇರೆ ಸಿಕ್ಕಿದ್ದರು. ರಾತ್ರಿ ಊಟದ ಹೊತ್ತಿಗೆ ವಾಟ್ಸಾಪ್ ಗ್ರೂಪಿನಲ್ಲಿ ತೀರ್ಪು ಬಂದಾಗಿತ್ತು: 'ಬೇಕಂತಲೇ ಸೋತ.' ಟೂರ್ನಿ ಕಮಿಟಿಯಲ್ಲಿದ್ದ ನಾವು ಮೂವರು ಅರ್ಧ ಗಂಟೆ ಕೂತು ಮಾತಾಡಿ ಅವನನ್ನು ಸೆಮಿಫೈನಲ್‌ನಿಂದ ಹೊರಗಿಟ್ಟೆವು.

ಅವನು ಜಗಳ ಆಡಲಿಲ್ಲ. ಒಂದೇ ಮಾತು ಕೇಳಿದ: 'ಸರಿ, ಆ ಟೈಮಲ್ಲಿ ನಾನು ಏನು ಮಾಡಬೇಕಿತ್ತು ಅಂತ ಹೇಳ್ರೋ.' ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ನಾವು ಹುಡುಕೋಕೆ ಶುರು ಮಾಡಿದೆವು. ಒಬ್ಬ ಆಟಗಾರ 'ಪ್ರಯತ್ನ ಪಡಲಿಲ್ಲ' ಅಂತ ಹೇಳೋದು ಹೇಗೆ? ಈ ಪ್ರಶ್ನೆಯನ್ನು ಯಾರಾದರೂ ಸರಿಯಾಗಿ ಯೋಚಿಸಿದ್ದಾರಾ? ಯೋಚಿಸಿದ್ದಾರೆ. ನಾವು ಹೆಸರೂ ಕೇಳದ ಒಂದು ಆಟದಲ್ಲಿ ವರ್ಷಗಳಿಂದ ಇದರ ಮೇಲೆ ತೀರ್ಪು ಬರೀತಾ ಇದ್ದಾರೆ. ಅದೇ ಹಾರ್ನೆಸ್ ರೇಸಿಂಗ್.

ಇದು ಯಾವ ಆಟ?

ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗಾಡಿ ಶರ್ಯತ್ತು ನೋಡಿದವರಿಗೆ ಅರ್ಧ ಚಿತ್ರ ಸಿಕ್ಕ ಹಾಗೆ. ಹಾರ್ನೆಸ್ ರೇಸಿಂಗ್‌ನಲ್ಲಿ ಕುದುರೆಯ ಬೆನ್ನ ಮೇಲೆ ಜಾಕಿ ಇರಲ್ಲ. ಕುದುರೆ ಎರಡು ಚಕ್ರದ ಹಗುರ ಗಾಡಿ ಎಳೆಯತ್ತೆ, ಅದರ ಹೆಸರು ಸಲ್ಕಿ. ಅದರಲ್ಲಿ ಕೂತು ಲಗಾಮು ಹಿಡಿಯುವವನು ಡ್ರೈವರ್. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ, ಕೆನಡಾ, ಫ್ರಾನ್ಸ್, ಸ್ವೀಡನ್‌ಗಳಲ್ಲಿ ಇದು ದೊಡ್ಡ ಆಟ.

ಇಲ್ಲಿ ಕುದುರೆ ನಾಗಾಲೋಟ ಓಡೋ ಹಾಗಿಲ್ಲ. ಎರಡೇ ನಡಿಗೆಗೆ ಅವಕಾಶ. ಟ್ರಾಟ್ ಅಂದರೆ ಕರ್ಣದ ಕಾಲುಗಳು ಒಟ್ಟಿಗೆ, ಪೇಸ್ ಅಂದರೆ ಒಂದೇ ಬದಿಯ ಮುಂಗಾಲು-ಹಿಂಗಾಲು ಒಟ್ಟಿಗೆ. ಕುದುರೆ ತಪ್ಪಿ ನಾಗಾಲೋಟಕ್ಕೆ ಹೋದರೆ ಡ್ರೈವರ್ ಅದನ್ನು ಹಿಡಿದೆಳೆದು ಮತ್ತೆ ಸರಿ ನಡಿಗೆಗೆ ತರಬೇಕು, ಅಷ್ಟರಲ್ಲಿ ಜಾಗ ಹೋಗಿರತ್ತೆ. ಅಂದರೆ 'ಜೋರಾಗಿ ಓಡಿಸು' ಅನ್ನೋದಷ್ಟೇ ಇಲ್ಲಿ ಪ್ರಯತ್ನ ಅಲ್ಲ. ಹಿಡಿದು ನಡೆಸೋದೂ ಪ್ರಯತ್ನವೇ.

ನಿಯಮ ಏನು ಹೇಳತ್ತೆ?

ಆಸ್ಟ್ರೇಲಿಯಾದ ಹಾರ್ನೆಸ್ ರೇಸಿಂಗ್ ನಿಯಮ 149ರ ಮೊದಲ ಭಾಗದ ಸಾರ ಇಷ್ಟು: ತನ್ನ ಕುದುರೆಗೆ ಗೆಲ್ಲುವ, ಇಲ್ಲವೇ ಸಾಧ್ಯವಾದಷ್ಟು ಒಳ್ಳೆ ಸ್ಥಾನ ಪಡೆಯುವ ಪೂರ್ತಿ ಅವಕಾಶ ಸಿಗೋ ಹಾಗೆ ಡ್ರೈವರ್ ಎಲ್ಲ ನ್ಯಾಯಯುತ ಮತ್ತು ಅನುಮತಿಯಿರುವ ಕ್ರಮಗಳನ್ನು ತಗೋಬೇಕು. ನ್ಯೂಜಿಲೆಂಡ್‌ನ ನಿಯಮ 868(2) ಕೂಡ ಹೆಚ್ಚುಕಡಿಮೆ ಇದನ್ನೇ ಹೇಳತ್ತೆ. 149ರ ಎರಡನೇ ಭಾಗ ಇನ್ನೂ ಸಣ್ಣದು: ಸ್ಟೀವರ್ಡ್‌ಗಳ ಅಭಿಪ್ರಾಯದಲ್ಲಿ ಒಪ್ಪಲಾಗದ ರೀತಿಯಲ್ಲಿ ಯಾರೂ ಓಡಿಸಬಾರದು. ಸ್ಟೀವರ್ಡ್ ಅಂದರೆ ರೇಸಿನ ಅಂಪೈರ್, ತನಿಖಾಧಿಕಾರಿ ಎರಡೂ ಅಂದುಕೊಳ್ಳಿ.

ಗಮನಿಸಿ, 'ಮೋಸ', 'ದುಡ್ಡು', 'ಬೇಕಂತ' ಅನ್ನೋ ಪದಗಳೇ ಇಲ್ಲಿಲ್ಲ. ಲಂಚ ತಿಂದು ರೇಸ್ ಫಿಕ್ಸ್ ಮಾಡೋದು ಬೇರೆಯೇ ಅಪರಾಧ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2012ರ ಕಾನೂನಿನ ಪ್ರಕಾರ ಅದಕ್ಕೆ 10 ವರ್ಷದವರೆಗೆ ಜೈಲು ಆಗಬಹುದು. ನಿಯಮ 149 ಕೇಳೋದು ಅದನ್ನಲ್ಲ. ಡ್ರೈವರ್ ಪ್ರಾಮಾಣಿಕನೇ ಆಗಿದ್ದರೂ 'ನ್ಯಾಯಯುತ ಕ್ರಮ' ತಗೊಳ್ಳದೇ ಇದ್ದರೆ ಅವನು ತಪ್ಪಿತಸ್ಥ ಆಗಬಹುದು.

ಯಾಕೆ ಇಷ್ಟು ಬಿಗಿ? ಆ ದೇಶಗಳಲ್ಲಿ ರೇಸಿನ ಬೆಟ್ಟಿಂಗ್ ಕಾನೂನುಬದ್ಧ. ಕುದುರೆ ಗೆಲ್ಲತ್ತೆ ಅಂತ ಮಾತ್ರ ಅಲ್ಲ, ಬೆಟ್ಟಿಂಗ್ ಎಕ್ಸ್‌ಚೇಂಜ್‌ಗಳಲ್ಲಿ ಸೋಲತ್ತೆ ಅಂತಲೂ ದುಡ್ಡು ಕಟ್ಟಬಹುದು. ಕುದುರೆಯನ್ನು ಬಲವಂತವಾಗಿ ಗೆಲ್ಲಿಸೋಕೆ ಯಾರಿಗೂ ಆಗಲ್ಲ, ಸೋಲಿಸೋಕೆ ಮಾತ್ರ ಒಬ್ಬ ಡ್ರೈವರ್ ಸಾಕು. ದುಡ್ಡು ಕಟ್ಟಿದ ಸಾಮಾನ್ಯ ಮನುಷ್ಯ ಕೇಳೋದು ಇಷ್ಟೇ: ನನ್ನ ಕುದುರೆಗೆ ಒಂದು ಚಾನ್ಸ್ ಕೊಟ್ರಾ?

ಸ್ವಲ್ಪ ಲೆಕ್ಕ ಹಾಕೋಣ

ನಮಗೆ ಇಷ್ಟ ಆದ ಭಾಗ ಇದು. ಒಂದು ಮೈಲಿ, ಅಂದರೆ 1609 ಮೀಟರ್ ದೂರವನ್ನು ಒಳ್ಳೆ ಪೇಸರ್ ಕುದುರೆ 1 ನಿಮಿಷ 52 ಸೆಕೆಂಡಿನಲ್ಲಿ ಮುಗಿಸಿತು ಅಂದುಕೊಳ್ಳಿ. ಸರಾಸರಿ ವೇಗ ಸೆಕೆಂಡಿಗೆ 14.4 ಮೀಟರ್, ಗಂಟೆಗೆ ಸುಮಾರು 52 ಕಿಲೋಮೀಟರ್. ಈ ವೇಗದಲ್ಲಿ ಗಾಳಿಯ ತಡೆ ಸಣ್ಣ ವಿಷಯ ಅಲ್ಲ. ಗಾಳಿಯನ್ನು ಸೀಳೋಕೆ ಬೇಕಾದ ಪವರ್ ವೇಗದ ಘನಕ್ಕೆ ಅನುಪಾತದಲ್ಲಿ ಏರತ್ತೆ ಅಂತ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ್ದೀವಿ. 400 ಮೀಟರನ್ನು 28 ಸೆಕೆಂಡಿನ ಬದಲು 26 ಸೆಕೆಂಡಿನಲ್ಲಿ ಓಡಿಸಿದರೆ ವೇಗ ಸುಮಾರು 8 ಶೇಕಡಾ ಹೆಚ್ಚು, ಗಾಳಿಗೆ ಖರ್ಚಾಗೋ ಪವರ್ ಸುಮಾರು 25 ಶೇಕಡಾ ಹೆಚ್ಚು. ಅದಕ್ಕೇ ಎಲ್ಲರಿಗೂ ಇನ್ನೊಂದು ಕುದುರೆಯ ಹಿಂದೆ, ಗಾಳಿ ಮರೆಯಲ್ಲಿ ಇರೋ ಆಸೆ. ಮುಂದಿರೋ ಕುದುರೆಯ ಪಕ್ಕದಲ್ಲಿ, ಹೊರಗಡೆ, ಮರೆಯಿಲ್ಲದೆ ಓಡೋ ಜಾಗಕ್ಕೆ ಆಸ್ಟ್ರೇಲಿಯಾದಲ್ಲಿ 'ಡೆತ್ ಸೀಟ್' ಅಂತಲೇ ಹೆಸರು.

ಇನ್ನೊಂದು ಲೆಕ್ಕ. ಎರಡು ಮೀಟರ್ ಹೊರಗಡೆ ಓಡಿದರೆ ಒಂದು ಪೂರ್ತಿ ಸುತ್ತಿಗೆ ಎಷ್ಟು ಹೆಚ್ಚು ದೂರ? 2 ಪೈ ಗುಣಿಸು 2, ಅಂದರೆ ಸುಮಾರು 12.6 ಮೀಟರ್. ಟ್ರ್ಯಾಕ್ ದೊಡ್ಡದಿರಲಿ ಚಿಕ್ಕದಿರಲಿ ಉತ್ತರ ಅದೇ, ಯಾಕಂದ್ರೆ ತ್ರಿಜ್ಯ ಕ್ಯಾನ್ಸಲ್ ಆಗತ್ತೆ. ಹೇಳಿದ ವೇಗದಲ್ಲಿ ಅದು ಸುಮಾರು 0.9 ಸೆಕೆಂಡ್, ಐದು ಕುದುರೆ ಉದ್ದ. ರೇಸ್ ಗೆಲ್ಲೋಕೂ ಸೋಲೋಕೂ ಅಷ್ಟು ಸಾಕು.

ಹಾಗಾದರೆ ಒಳಗಡೆ, ಮರೆಯಲ್ಲಿ ಸುಮ್ಮನೆ ಕೂರೋದೇ ಜಾಣತನ ಅಲ್ವಾ? ಯಾವಾಗಲೂ ಅಲ್ಲ. ಒಂದು ಊಹೆಯ ರೇಸ್ ತಗೊಳ್ಳಿ. ಮುಂದಿರೋ ಡ್ರೈವರ್ ಮಧ್ಯದ 400 ಮೀಟರನ್ನು 31 ಸೆಕೆಂಡಿನಲ್ಲಿ ನಿಧಾನಕ್ಕೆ ಓಡಿಸಿ ಕುದುರೆಗೆ ರೆಸ್ಟ್ ಕೊಟ್ಟ. ಕೊನೆಯ 800 ಮೀಟರನ್ನು ಅದು 54 ಸೆಕೆಂಡಿನಲ್ಲಿ ಓಡತ್ತೆ. ನೀವು 20 ಮೀಟರ್ ಹಿಂದಿದ್ದೀರಿ. ಅದನ್ನು ಹಿಡಿಯೋಕೆ ನೀವು ಅದೇ 54 ಸೆಕೆಂಡಿನಲ್ಲಿ 820 ಮೀಟರ್ ಓಡಬೇಕು, ಅಂದರೆ ನಿಮ್ಮ 800 ಮೀಟರ್ ಸುಮಾರು 52.7 ಸೆಕೆಂಡಿಗೆ ಮುಗಿಯಬೇಕು. ಅಷ್ಟು ಸಾಮರ್ಥ್ಯ ನಿಮ್ಮ ಕುದುರೆಗೆ ಇಲ್ಲದಿದ್ದರೆ ರೇಸ್ ಸೋತದ್ದು ಕೊನೆಯ ನೇರ ಹಾದಿಯಲ್ಲಲ್ಲ. ಆ 31 ಸೆಕೆಂಡಿನಲ್ಲಿ, ನೀವು ಹೊರಗೆ ಬಂದು ಮುಂದೆ ಹೋಗದೇ ಇದ್ದಾಗಲೇ ಸೋತಿರಿ. ಕೊನೆಯಲ್ಲಿ ಎಷ್ಟೇ ಕೈ ಬೀಸಿದರೂ ಅದು ಬರೀ ತೋರಿಕೆ.

ಸ್ಟೀವರ್ಡ್‌ಗಳು ಹಿಡಿಯೋದು ಇಂಥದ್ದನ್ನೇ. ವೇಗ ಬಿದ್ದಾಗಲೂ ಹಿಂದೆಯೇ ಕೂತದ್ದು, ದಾರಿ ಇದ್ದರೂ ಹೊರಗೆ ಬರದೇ ಒಳಗೆ ಸಿಕ್ಕಿಕೊಂಡದ್ದು, ಕಾರಣವಿಲ್ಲದೆ ಲೀಡ್ ಬಿಟ್ಟುಕೊಟ್ಟದ್ದು, ಕೊನೆಯಲ್ಲಿ ಕೈ ಸಡಿಲ ಬಿಟ್ಟದ್ದು. ಇದರ ಉಲ್ಟಾ ಕೂಡ ಇದೆ. ಮುಂದಿರೋ ಕುದುರೆಯ ಜೊತೆ ಅರ್ಥವಿಲ್ಲದ ಜಿದ್ದಿಗೆ ಬಿದ್ದು ವಿಪರೀತ ವೇಗದಲ್ಲಿ ಓಡಿಸಿ ತನ್ನ ಕುದುರೆಯನ್ನೇ ಸುಸ್ತು ಮಾಡಿದರೆ ಅದೂ ಆರೋಪ ಆಗಬಹುದು. ಜಾಸ್ತಿ ಪ್ರಯತ್ನ ಪಟ್ಟಿದ್ದಕ್ಕೂ ಪ್ರಯತ್ನದ ನಿಯಮದಲ್ಲಿ ಕೇಸ್!

ವಿಚಾರಣೆಯಲ್ಲಿ ಏನು ಕೇಳ್ತಾರೆ?

ರೇಸ್ ಮುಗಿದ ಮೇಲೆ ಸ್ಟೀವರ್ಡ್‌ಗಳು ಡ್ರೈವರ್‌ನ ಕರೆದು ವಿವರಣೆ ಕೇಳ್ತಾರೆ. ಬೇರೆ ಬೇರೆ ಕೋನದ ವಿಡಿಯೋ, ಪ್ರತಿ 400 ಮೀಟರಿನ ಟೈಮಿಂಗ್, ಕುದುರೆಯ ಹಿಂದಿನ ರೇಸ್‌ಗಳು, ಟ್ರೇನರ್ ಕೊಟ್ಟ ಸೂಚನೆ, ಬೇಕಾದರೆ ಪಶುವೈದ್ಯರ ವರದಿ, ಎಲ್ಲ ಮೇಜಿಗೆ ಬರತ್ತೆ. ಡ್ರೈವರ್ ತನ್ನ ಪರವಾಗಿ ಅನುಭವಿ ಡ್ರೈವರ್‌ಗಳನ್ನು ಸಾಕ್ಷಿಯಾಗಿ ಕರೆಸಬಹುದು. ಆರೋಪ ಏನು, ಯಾವ ಜಾಗದಲ್ಲಿ ಏನು ಮಾಡಬೇಕಿತ್ತು ಅನ್ನೋದನ್ನ ಬಿಡಿಸಿ ಹೇಳ್ತಾರೆ. ತೀರ್ಪು ಒಪ್ಪದಿದ್ದರೆ ಮೇಲ್ಮನವಿ ಇದೆ. ನ್ಯೂಜಿಲೆಂಡ್‌ನಲ್ಲಿ 2021ರ ಜುಲೈಯಿಂದ ಇದನ್ನೆಲ್ಲ ನೋಡಿಕೊಳ್ಳೋಕೆ ರೇಸಿಂಗ್ ಇಂಟಿಗ್ರಿಟಿ ಬೋರ್ಡ್ ಅಂತಲೇ ಇದೆ, ಅದರ ತೀರ್ಪುಗಳು ಕಾರಣ ಸಮೇತ ಪ್ರಕಟ ಆಗತ್ತೆ.

ಈ ತೀರ್ಪುಗಳಲ್ಲಿ ಮತ್ತೆ ಮತ್ತೆ ಬರೋ ಒಂದು ಗೆರೆ ಇದೆ. ಲೆಕ್ಕಾಚಾರ ತಪ್ಪೋದು ಅಪರಾಧ ಅಲ್ಲ. ಆ ಡ್ರೈವರ್‌ನ ಜಾಗದಲ್ಲಿ, ಅಷ್ಟೇ ಅನುಭವ ಇರೋ ಒಬ್ಬ ಸಮರ್ಥ ಡ್ರೈವರ್‌ನಿಂದ ನಿರೀಕ್ಷಿಸಬಹುದಾದ ಮಟ್ಟಕ್ಕಿಂತ ಕೆಳಗೆ ಬಿದ್ದರೆ ಮಾತ್ರ, ದೂಷಿಸಬಹುದಾದ ಮಟ್ಟಿಗೆ ಬಿದ್ದರೆ ಮಾತ್ರ ಅಪರಾಧ. ಎಷ್ಟು ಒತ್ತಡ ಇತ್ತು, ಒಂದೇ ಕ್ಷಣದಲ್ಲಿ ಎರಡು ದಾರಿಗಳಲ್ಲಿ ಒಂದನ್ನ ಆರಿಸಬೇಕಿತ್ತಾ, ಇದೆಲ್ಲ ಲೆಕ್ಕಕ್ಕೆ ಬರತ್ತೆ. ಫಲಿತಾಂಶ ಗೊತ್ತಾದ ಮೇಲೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಎಲ್ಲರೂ ಜಾಣರೇ. ಓಡ್ತಿದ್ದಾಗ ಅವನಿಗೆ ಏನು ಕಾಣ್ತಿತ್ತು ಅನ್ನೋದು ಪ್ರಶ್ನೆ.

ಆದರೆ 'ನನಗೆ ಹಾಗನ್ನಿಸಿತು' ಅಂದರೂ ಸಾಲಲ್ಲ. ಅಳತೆಗೋಲು ಡ್ರೈವರ್‌ನ ಮನಸ್ಸಲ್ಲ, ನ್ಯಾಯಯುತವಾದ ಕ್ರಮ ಯಾವುದಿತ್ತು ಅನ್ನೋದು.

ಎಷ್ಟು ಖಾತ್ರಿ ಬೇಕು ಅನ್ನೋದಕ್ಕೂ ಒಂದು ಕಥೆ ಇದೆ. 1938ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟಿಗೆ ಬ್ರಿಗಿನ್‌ಶಾ ಅನ್ನೋ ದಂಪತಿಯ ಡೈವೋರ್ಸ್ ಕೇಸ್ ಬಂತು. ಅದರಿಂದ ಹುಟ್ಟಿದ ತತ್ವ ಇದು: ಆರೋಪ ಗಂಭೀರವಾದಷ್ಟೂ ಅಂದಾಜಿನ ಸಾಕ್ಷ್ಯ ಸಾಲಲ್ಲ, ತೀರ್ಪು ಕೊಡೋರಿಗೆ ಮನಸ್ಸು ಒಪ್ಪುವಷ್ಟು ಸಮಾಧಾನ ಆಗಬೇಕು. ಕ್ರಿಮಿನಲ್ ಕೇಸಿನಷ್ಟು ಬಿಗಿ ಅಲ್ಲ, 51-49ರ ತಕ್ಕಡಿಯೂ ಅಲ್ಲ. ಗಂಡ-ಹೆಂಡಿರ ಆ ಜಗಳದ ತತ್ವ ಇವತ್ತು ಕುದುರೆ ರೇಸಿನ ವಿಚಾರಣೆಗಳಲ್ಲೂ ಬಳಕೆಯಲ್ಲಿದೆ. ಇದು ಬೇಕೂ ಬೇಕು. ಸಸ್ಪೆಂಡ್ ಆದ ಡ್ರೈವರ್‌ಗೆ ಅಷ್ಟು ದಿನ ಡ್ರೈವಿಂಗ್ ಫೀಸೂ ಇಲ್ಲ, ಬಹುಮಾನದ ಪಾಲೂ ಇಲ್ಲ. 'ಅವನು ಟ್ರೈ ಮಾಡಲ್ಲ' ಅಂತ ಒಮ್ಮೆ ಹೆಸರು ಬಂದರೆ ಮುಂದೆ ಕುದುರೆ ಕೊಡೋರೂ ಯೋಚಿಸ್ತಾರೆ.

ಲಂಡನ್‌ನಲ್ಲಿ ನಮ್ಮವರಿಗೆ ತಾಗಿದ್ದು

ಇದು ಕುದುರೆಗಳ ಕಥೆ ಮಾತ್ರ ಅಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್‌ಗೆ ಮೊದಲ ಸಲ ಗುಂಪು ಹಂತ ತಂದರು. ಮಹಿಳಾ ಡಬಲ್ಸ್‌ನಲ್ಲಿ ಮುಂದಿನ ಸುತ್ತಿನ ಎದುರಾಳಿಯನ್ನು ಆರಿಸಿಕೊಳ್ಳೋಕೆ ಕೆಲವರು ಸರ್ವ್ ಅನ್ನೇ ನೆಟ್ಟಿಗೆ ಹೊಡೆದರು, ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದರು. ಚೀನಾದ ಒಂದು, ದಕ್ಷಿಣ ಕೊರಿಯಾದ ಎರಡು, ಇಂಡೋನೇಷ್ಯಾದ ಒಂದು ಜೋಡಿ, ಒಟ್ಟು ಎಂಟು ಆಟಗಾರ್ತಿಯರು ಕೂಟದಿಂದಲೇ ಹೊರಗೆ. ಅವರು ಮುರಿದ ನಿಯಮಗಳಲ್ಲಿ ಒಂದು: ಗೆಲ್ಲೋಕೆ ತಮ್ಮ ಪೂರ್ತಿ ಪ್ರಯತ್ನ ಹಾಕದಿರುವುದು.

ಅದೇ ಕೂಟದಲ್ಲಿ ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಜೋಡಿ ಪಾಯಿಂಟ್ ಲೆಕ್ಕದಲ್ಲಿ ಕೂದಲೆಳೆಯಲ್ಲಿ ಕ್ವಾರ್ಟರ್‌ಫೈನಲ್ ತಪ್ಪಿಸಿಕೊಂಡಿತು. ತಮ್ಮ ಗುಂಪಿನ ಜಪಾನ್-ಚೈನೀಸ್ ತೈಪೇ ಪಂದ್ಯದ ಬಗ್ಗೆ ಭಾರತ ದೂರು ಕೊಟ್ಟಿತು, ಆದರೆ ಅದು ತಿರಸ್ಕೃತವಾಯ್ತು. ನೆಟ್ಟಿಗೆ ಹೊಡೆದ ಸರ್ವ್ ಎಲ್ಲರ ಕಣ್ಣಿಗೂ ಕಾಣತ್ತೆ. ಸಾಧಾರಣವಾಗಿ ಆಡಿ ಸೋತ ಪಂದ್ಯದಲ್ಲಿ ಪ್ರಯತ್ನ ಇತ್ತೋ ಇಲ್ವೋ ಅಂತ ತೋರಿಸೋದು ಅಷ್ಟು ಸುಲಭ ಅಲ್ಲ.

ಮತ್ತೆ ನಮ್ಮ ಕೇಸ್

ಇಷ್ಟೆಲ್ಲ ಓದಿದ ಮೇಲೆ ಆ ಮ್ಯಾಚಿನ ಮೊಬೈಲ್ ವಿಡಿಯೋ ಮತ್ತೆ ಹಾಕಿದೆವು. ಒಂಬತ್ತು ಡಾಟ್ ಬಾಲ್‌ಗಳಲ್ಲಿ ಐದು ಯಾರ್ಕರ್ ಲೆಂತ್. ಎರಡಕ್ಕೆ ಅವನು ಜೋರಾಗಿ ಬೀಸಿದ್ದ, ಬ್ಯಾಟಿಗೆ ತಾಗಿರಲಿಲ್ಲ. ಉಳಿದ ಎರಡರಲ್ಲಿ ಸಿಂಗಲ್ ಇತ್ತು, ಓಡಲಿಲ್ಲ. ಇನ್ನೊಂದು ತುದಿಯಲ್ಲಿ ಹನ್ನೊಂದನೇ ಆಟಗಾರ ಇದ್ದ. ನಾವಾಗಿದ್ದರೆ ಓಡ್ತಿದ್ವಾ? ಮೂವರಲ್ಲಿ ಇಬ್ಬರು ಇಲ್ಲ ಅಂದರು, ಒಬ್ಬರು ಓಡಬೇಕಿತ್ತು ಅಂದರು. ಅಂದರೆ ಅದು ಹೆಚ್ಚೆಂದರೆ ಲೆಕ್ಕಾಚಾರದ ತಪ್ಪು.

ನಾವು ಅವತ್ತು ಕೇಳಿದ್ದ ಪ್ರಶ್ನೆ 'ಸೋತಿದ್ದರಿಂದ ಯಾರಿಗೆ ಲಾಭ ಆಯ್ತು?' ಅನ್ನೋದೊಂದೇ. ಅದು ಅನುಮಾನಕ್ಕೆ ಕಾರಣ ಆಗಬಹುದು, ಸಾಕ್ಷಿ ಆಗಲ್ಲ. ವಿಡಿಯೋ ನೋಡಿರಲಿಲ್ಲ, ಅವನ ಮಾತು ಕೇಳಿರಲಿಲ್ಲ, ಮೇಲ್ಮನವಿ ಅನ್ನೋದಂತೂ ಇರಲೇ ಇಲ್ಲ.

ಕಮಿಟಿಯಿಂದ ತೀರ್ಪು ವಾಪಸ್ ತಗೊಂಡು ಅದೇ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆವು. ಬ್ಯಾನ್ ಬಂದಾಗ ಮುನ್ನೂರು ಮೆಸೇಜ್ ಬಂದಿತ್ತು, ಇದಕ್ಕೆ ಬಂದದ್ದು ನಾಲ್ಕು. ಸೆಮಿಫೈನಲ್ ಮುಗಿದೇ ಹೋಗಿತ್ತು, ಅದನ್ನ ವಾಪಸ್ ಕೊಡೋಕೆ ನಮ್ಮಿಂದ ಆಗಲಿಲ್ಲ. ಈ ವರ್ಷದ ಟೂರ್ನಿ ನಿಯಮಗಳಿಗೆ ಮೂರು ಸಾಲು ಸೇರಿಸಿದ್ದೀವಿ: ಆರೋಪ ಮಾಡೋರು ಯಾವ ಬಾಲ್‌ನಲ್ಲಿ ಏನು ಮಾಡಬೇಕಿತ್ತು ಅಂತ ಬರೆದು ಕೊಡಬೇಕು, ಆಟಗಾರನ ಮಾತು ಕೇಳದೆ ತೀರ್ಪು ಇಲ್ಲ, ತೀರ್ಪನ್ನ ಮತ್ತೆ ನೋಡೋಕೆ ಕಮಿಟಿಯ ಹೊರಗಿನ ಒಬ್ಬ ಸೀನಿಯರ್ ಇರಬೇಕು. ಕರಡನ್ನ ಮೊದಲು ಓದಿಸಿದ್ದು ಅವನಿಗೇ. ಎರಡು ಕಾಗುಣಿತ ತಪ್ಪು ತಿದ್ದಿ ವಾಪಸ್ ಕೊಟ್ಟ.