ತಟ್ಟೆಯಲ್ಲೂ ಇರಲಿ ಅಕ್ಕಡಿ ಸಾಲು

ಮಾಂಸ, ಮೊಟ್ಟೆ, ಹಾಲು ಬಿಟ್ಟು ಸಸ್ಯಮೂಲದ ಆಹಾರವನ್ನಷ್ಟೇ ತಿಂದರೆ ಆರೋಗ್ಯ ಸುಧಾರಿಸುತ್ತದೆ ಎಂದು ಸಾರುವ ಸಾಕ್ಷ್ಯಚಿತ್ರಗಳು ಈಗ ಮನೆಮನೆಯ ಪರದೆಗೂ ಬಂದಿವೆ. 2018ರ 'ದಿ ಗೇಮ್ ಚೇಂಜರ್ಸ್' ನಂತರ ಅದೇ ನಿರ್ದೇಶಕ ಲೂಯಿ ಸಿಹೋಯಸ್ ಅವರ 'ಯು ಆರ್ ವಾಟ್ ಯು ಈಟ್' 2024ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ತೆರೆಕಂಡಿತು. ಐಟಿ ನೌಕರರು ತುಂಬಿರುವ ಕಾಡುಗೋಡಿಯಂಥ ಊರಿನಲ್ಲಿ ಕುಳಿತು ಇದನ್ನು ನೋಡುವವರಿಗೆ ಒಂದು ಪ್ರಶ್ನೆ ಏಳುವುದು ಸಹಜ: ಅಮೆರಿಕನ್ನರಿಗೆ ಹೇಳಿದ ಪಥ್ಯ ನಮಗೂ ಒಪ್ಪುತ್ತದೆಯೇ?

ಚಿತ್ರಕ್ಕೆ ಆಧಾರವಾದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್‌ನರ್ ಮತ್ತು ಸಂಗಡಿಗರ ಪ್ರಯೋಗ. 22 ಜೋಡಿ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಸಂಪೂರ್ಣ ಸಸ್ಯಮೂಲದ ಊಟ, ಇನ್ನೊಬ್ಬರಿಗೆ ಮಾಂಸವೂ ಸೇರಿದ ಹಿತಮಿತವಾದ ಊಟ; ಅವಧಿ ಎಂಟು ವಾರ. ಮೊದಲ ಗುಂಪಿನಲ್ಲಿ 'ಕೆಟ್ಟ' ಕೊಲೆಸ್ಟರಾಲ್ ಸರಾಸರಿ 110.7ರಿಂದ 95.5 ಮಿಲಿಗ್ರಾಂಗೆ ಇಳಿಯಿತು. ಎರಡನೆಯ ಗುಂಪಿನಲ್ಲಿ 118.5 ಇದ್ದದ್ದು 116.1 ಆಯಿತು. ಅವಳಿಗಳ ಹುಟ್ಟುಗುಣ ಒಂದೇ ಆದ್ದರಿಂದ ಈ ವ್ಯತ್ಯಾಸಕ್ಕೆ ತೂಕವಿದೆ. ಆದರೆ 44 ಜನರ ಎಂಟು ವಾರದ ಊಟದಿಂದ ಆಯುಷ್ಯದ ಲೆಕ್ಕ ಹೇಳಲಾಗದು.

ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಮ್ಮಲ್ಲಿ ಶಾಕಾಹಾರವೆಂದರೆ ಹಾಲು, ಮೊಸರು, ತುಪ್ಪ ಸೇರಿಯೇ ಇರುತ್ತದೆ. ಚಿತ್ರ ಹೇಳುವ ಊಟದಲ್ಲಿ ಅವೂ ಇಲ್ಲ. ಸಸ್ಯಗಳಲ್ಲಿ ಬಿ-12 ಜೀವಸತ್ವ ಸಿಗದ ಕಾರಣ, ಹಾಲನ್ನೂ ಬಿಡುವವರು ಅದನ್ನು ಮಾತ್ರೆಯ ರೂಪದಲ್ಲಾದರೂ ಪಡೆಯಲೇಬೇಕು.

ಬೆಂಗಳೂರಿನ ಪೂರ್ವದ ಹಳ್ಳಿಗಳಲ್ಲಿ ದಿನನಿತ್ಯದ ಊಟ ಹಿಂದಿನಿಂದಲೂ ಬಹುಮಟ್ಟಿಗೆ ಸಸ್ಯಮೂಲದ್ದೇ. ಮಾಂಸ ತಿನ್ನುವ ಮನೆಗಳಲ್ಲಿಯೂ ಬಾಡೂಟವೆಂದರೆ ಹಬ್ಬ, ಜಾತ್ರೆ, ಯುಗಾದಿಯ ಮರುದಿನದ ಹೊಸತೊಡಕು. ಉಳಿದ ದಿನ ರಾಗಿಮುದ್ದೆ. ಜೊತೆಗೆ ಸೊಪ್ಪಿನ ಸಾರು, ಹುರುಳಿಕಾಳಿನ ಸಾರು, ಚಳಿಗಾಲದಲ್ಲಿ ಅವರೆಕಾಳು. ಹೀಗಿರುವಾಗ ನಮ್ಮ ಸಮಸ್ಯೆ ಮಾಂಸ ಹೆಚ್ಚಾದದ್ದೋ, ಬೇರೇನೋ?

ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಇದಕ್ಕೆ ಉತ್ತರದ ದಾರಿ ತೋರಿಸುತ್ತದೆ. ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆಯೆಂದು ಅದು 2023ರಲ್ಲಿ ಅಂದಾಜಿಸಿತು. ಭಾರತೀಯರಿಗೆ ದಿನದ ಶಕ್ತಿಯ ಸುಮಾರು ಶೇ 62 ಭಾಗ ಪಿಷ್ಟ, ಸಕ್ಕರೆಯಂಥ ಶರ್ಕರಪಿಷ್ಟಗಳಿಂದಲೇ ಬರುತ್ತಿದೆ ಎಂದು 2025ರಲ್ಲಿ ಅದೇ ಸಮೀಕ್ಷೆ ತಿಳಿಸಿತು. ಪಾಲಿಷ್ ಅಕ್ಕಿ, ಮೈದಾ, ಸಕ್ಕರೆ ಎಲ್ಲವೂ ಸಸ್ಯಮೂಲದವೇ ಎಂಬುದನ್ನು ಮರೆಯುವಂತಿಲ್ಲ. ಬೇಕರಿಯ ಬನ್ನು, ಗಾಡಿಯ ಗೋಬಿ ಮಂಚೂರಿಗೂ ಆ ಹೆಸರು ಸಲ್ಲುತ್ತದೆ. ಒಟ್ಟು ಪ್ರಮಾಣ ತಗ್ಗಿಸದೆ ಅನ್ನದ ಬದಲು ಸಿರಿಧಾನ್ಯ ತಿಂದವರಲ್ಲಿ ಅಪಾಯ ಕಡಿಮೆಯಾಗಿ ಕಾಣಲಿಲ್ಲ. ಪಿಷ್ಟದ ಒಂದಷ್ಟು ಪಾಲನ್ನು ಕಾಳು-ಬೇಳೆ ಅಥವಾ ಹಾಲಿನ ಪ್ರೋಟೀನ್ ತುಂಬಿದಲ್ಲಿ ಕಡಿಮೆ ಕಂಡಿತು. ರಾಗಿಯನ್ನೇ ಸಂಜೀವಿನಿ ಎಂದು ಭಾವಿಸಿರುವವರಿಗೆ ಇದು ಎಚ್ಚರಿಕೆಯ ಮಾತು.

ಹಾಗೆಂದು ರಾಗಿಯದು ಕಡಿಮೆ ಗುಣವಲ್ಲ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದಂಶವಿದೆ. ಅದರ ಕೊರತೆಯೆಂದರೆ ಲೈಸಿನ್ ಎಂಬ ಅಮೈನೊ ಆಮ್ಲ. ಅವರೆ, ಹುರುಳಿ, ತೊಗರಿಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೊನಿನ್ ರಾಗಿಯಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ನೀಗಿಸುತ್ತದೆ.

ಈ ಜೋಡಿಯನ್ನು ನಮ್ಮ ರೈತರು ಹೊಲದಲ್ಲೇ ಕೂಡಿಸಿದ್ದರು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುವ ಕ್ರಮಕ್ಕೆ ಅಕ್ಕಡಿ ಸಾಲು ಎಂದು ಹೆಸರು. ದ್ವಿದಳ ಬೆಳೆಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಮಣ್ಣಿಗೂ ಲಾಭ. ಮಳೆ ಕೈಕೊಟ್ಟರೆ ಒಂದಲ್ಲ ಒಂದು ಬೆಳೆ ಕೈಹಿಡಿಯುತ್ತಿತ್ತು.

ಕಾಡುಗೋಡಿಯ ಸುತ್ತಲಿನ ಬಹುತೇಕ ಹೊಲಗಳಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಅಲ್ಲಿ ಅಕ್ಕಡಿ ಸಾಲು ಮರಳದು, ತಟ್ಟೆಯಲ್ಲಿ ಮರಳಬಹುದು. ಚಿತ್ರ ನೋಡಿ ಎದ್ದವರು ಏನನ್ನು ಬಿಡಬೇಕೆಂದು ಯೋಚಿಸುವ ಮೊದಲು ಏನು ಕಡಿಮೆಯಾಗಿದೆ ಎಂದು ನೋಡಿಕೊಳ್ಳುವುದು ಲೇಸು. ಮುದ್ದೆಯಾಗಲಿ ಅನ್ನವಾಗಲಿ ತುಸು ಚಿಕ್ಕದಾಗಲಿ, ಸಾರಿನಲ್ಲಿ ಕಾಳು-ಸೊಪ್ಪು ಹೆಚ್ಚಲಿ.