ಗುಡ್ಡ ಕುಸಿತ: ಮಳೆಗಾಲಕ್ಕೆ ಮೊದಲೇ ಆರಂಭವಾಗುವ ಹಾನಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಮೊದಲಾದೆಡೆ ಗುಡ್ಡಗಳು ಜರಿದು ಮನೆ, ತೋಟ, ರಸ್ತೆಗಳು ಮಣ್ಣುಪಾಲಾದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಕುಸಿದಾಗ, ಉಕ್ಕಿದ ನೀರು ಎದುರು ದಂಡೆಯ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಎರಡೂ ಕಡೆ ಭಾರಿ ಮಳೆಯಾಗಿತ್ತು, ನಿಜ. ಆದರೆ ಮಳೆಯೊಂದನ್ನೇ ಹೊಣೆ ಮಾಡಿದರೆ ಪಂಚಾಯಿತಿಯ ಕೈಯಲ್ಲಿರುವ ಕೆಲಸ ಮರೆಯಾಗುತ್ತದೆ.

ಇಳಿಜಾರಿನ ಮಣ್ಣು ತನ್ನ ಬುಡದ ಆಸರೆಯಿಂದ ನಿಂತಿರುತ್ತದೆ. ನಿವೇಶನಕ್ಕೋ ರಸ್ತೆಗೋ ಜೆಸಿಬಿಯಿಂದ ಬುಡವನ್ನು ನೇರವಾಗಿ ಕಡಿದಾಗ ಆ ಆಸರೆ ಹೋಗುತ್ತದೆ. ಮಲೆನಾಡಿಗರು ಧರೆ ಎಂದೂ ಕೊಡಗಿನವರು ಬರೆ ಎಂದೂ ಕರೆಯುವ ಈ ಕಡಿದ ಮೈ ಬೇಸಿಗೆಯಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ, ಮೋಸವಿರುವುದು ಅಲ್ಲಿಯೇ. ದಿನಗಟ್ಟಲೆ ಮಳೆ ಸುರಿದಾಗ ಇಂಗಿದ ನೀರು ಮಣ್ಣಿನ ತೂಕವನ್ನು ಹೆಚ್ಚಿಸುತ್ತದೆ, ಕಣಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ಆಗ ಇಡೀ ಪದರವೇ ಕೆಳಗೆ ಜಾರುತ್ತದೆ.

ಬಯಲುಸೀಮೆಗೆ ವರವಾದ ಇಂಗುಗುಂಡಿಯು, ಆಳವಾದ ಮಣ್ಣುಳ್ಳ ಕಡಿದಾದ ಗುಡ್ಡದಲ್ಲಿ ಇದೇ ಕಾರಣಕ್ಕೆ ಅಪಾಯ ತರಬಲ್ಲದು. ಅಂತಹ ಕಡೆ ನೀರು ಸಲೀಸಾಗಿ ಹರಿದುಹೋಗುವ ಕಾಲುವೆ ಮುಖ್ಯ. ಒಂದೇ ಮಾದರಿಯ ಕಾಮಗಾರಿಯನ್ನು ಎಲ್ಲ ಊರುಗಳ ಕ್ರಿಯಾ ಯೋಜನೆಗೂ ಸೇರಿಸುವ ವಾಡಿಕೆಯನ್ನು ಸದಸ್ಯರು ಸಭೆಯಲ್ಲಿ ಪ್ರಶ್ನಿಸುವುದು ಉಚಿತ. ಧರೆಯ ಅಂಚಿನಲ್ಲಿ ಅಥವಾ ಬುಡದಲ್ಲಿ ಮನೆ ಕಟ್ಟಲು ಪರವಾನಗಿ ಕೇಳಿದಾಗ ಸ್ಥಳವನ್ನು ಕಣ್ಣಾರೆ ನೋಡದೆ ಒಪ್ಪಿಗೆ ನೀಡಬಾರದು.

ಕುಸಿತಕ್ಕೆ ಮುನ್ನ ಹಲವು ಬಾರಿ ಕುರುಹುಗಳು ಕಾಣಿಸುತ್ತವೆ. ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು, ವಾಲಿದ ಮರ ಮತ್ತು ವಿದ್ಯುತ್ ಕಂಬ, ಮುಚ್ಚಲು ಬಿಗಿಯಾಗುವ ಬಾಗಿಲು, ಇದ್ದಕ್ಕಿದ್ದಂತೆ ಕೆಂಪಾದ ಒರತೆ. ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ಹಠಾತ್ತನೆ ಇಳಿದರೆ ಅದು ಅತ್ಯಂತ ಗಂಭೀರ ಸೂಚನೆ: ಮೇಲೆಲ್ಲೋ ಮಣ್ಣು ಬಿದ್ದು ಹರಿವು ಕಟ್ಟಿಕೊಂಡಿರಬಹುದು, ಆ ಕಟ್ಟೆ ಯಾವ ಕ್ಷಣದಲ್ಲಾದರೂ ಒಡೆಯಬಹುದು. ಇಂತಹ ಕುರುಹು ಕಂಡ ಕೂಡಲೇ ಕೆಳಗಿನ ಮನೆಗಳನ್ನು ತೆರವುಗೊಳಿಸಿ ತಹಶೀಲ್ದಾರರಿಗೆ ತಿಳಿಸಬೇಕು. ರಾತ್ರಿಯಾದರೆ ಬೆಳಗಾಗಲೆಂದು ಕಾಯುವಂತಿಲ್ಲ.

ನೆರೆ ಇಳಿದ ಮೇಲೆ ಹೊಲವು ಬಹುಮಟ್ಟಿಗೆ ಉಳಿದಿರುತ್ತದೆ. ಗುಡ್ಡ ಜರಿದ ಕಡೆ ಜಮೀನೇ ಇರುವುದಿಲ್ಲ. ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ ಎಲ್ಲವೂ ಹಾಗೆಯೇ ಇದ್ದರೂ ಗಡಿಕಲ್ಲುಗಳು ಕಣಿವೆ ಸೇರಿರುತ್ತವೆ. ಹಾನಿಯ ಸಮೀಕ್ಷೆಯಲ್ಲಿ ಇದನ್ನು ಬೆಳೆ ನಷ್ಟವೆಂದಷ್ಟೇ ಬರೆದರೆ ರೈತನಿಗೆ ಅನ್ಯಾಯವಾಗುತ್ತದೆ. ಸಣ್ಣ ಮತ್ತು ಅತಿ ಸಣ್ಣ ರೈತರ ಭೂಮಿಯೇ ನಷ್ಟವಾದಾಗ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿ ಪ್ರತ್ಯೇಕ ನೆರವಿಗೆ ಅವಕಾಶವಿದೆ. ಆದ್ದರಿಂದ ಗ್ರಾಮ ಆಡಳಿತಾಧಿಕಾರಿಯೊಡನೆ ಸ್ಥಳಕ್ಕೆ ಹೋಗುವ ಸದಸ್ಯರು, ಭೂ ನಷ್ಟ ಮತ್ತು ಬೆಳೆ ನಷ್ಟ ಬೇರೆ ಬೇರೆಯಾಗಿ ದಾಖಲಾಗಿವೆಯೇ ಎಂಬುದನ್ನು ಪಟ್ಟಿ ತಾಲ್ಲೂಕು ಕಚೇರಿಗೆ ಹೋಗುವ ಮೊದಲೇ ಪರಿಶೀಲಿಸಬೇಕು.